ಹ್ಯೂಸ್ಟನ್ನಿನ ಆ ಹಸ್ತಲಾಘವ: ರೆಸಲ್‌ಮೇನಿಯಾ 17ರ ವೈರಗಳನ್ನು ಮತ್ತೆ ನೋಡಿದಾಗ

ಹಗ್ಗದಾಚೆ:

ಮಿತ್ರರೇ, 2001ರ ಏಪ್ರಿಲ್ 1ರಂದು ಟೆಕ್ಸಾಸಿನ ಹ್ಯೂಸ್ಟನ್ ನಗರದ ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ ನಡೆದ ರೆಸಲ್‌ಮೇನಿಯಾ 17ನ್ನು ಕಳೆದ ವಾರ ಒಂದು ಪಂದ್ಯವನ್ನೂ ಓಡಿಸದೆ ಮೊದಲಿನಿಂದ ಕೊನೆಯವರೆಗೆ ಮತ್ತೆ ನೋಡಿದೆ. ಅಂದು ಒಳಗೆ ಕುಳಿತಿದ್ದವರು 67,925 ಮಂದಿ. ಡಬ್ಲ್ಯೂಡಬ್ಲ್ಯೂಎಫ್ (ಇಂದಿನ ಡಬ್ಲ್ಯೂಡಬ್ಲ್ಯೂಇ) ಎಂಬ ಕುಸ್ತಿ ಪ್ರದರ್ಶನ ಸಂಸ್ಥೆ ನಡೆಸಿದ ಪೇ-ಪರ್-ವ್ಯೂಗಳಲ್ಲಿ, ಅಂದರೆ ಹಣ ಕೊಟ್ಟು ನೋಡುವ ಟಿವಿ ಪ್ರದರ್ಶನಗಳಲ್ಲಿ, ಇದಕ್ಕಿಂತ ತುಂಬಿದ ರಾತ್ರಿ ಇನ್ನೊಂದಿಲ್ಲ ಎಂದು ಬಹಳ ಮಂದಿ ಹೇಳುತ್ತಾರೆ. ಆ ಮಾತಿಗೆ ನನ್ನ ತಕರಾರಿಲ್ಲ. ಆದರೆ ಅದೇ ಮಂದಿ ಮರುಕ್ಷಣವೇ ಸೇರಿಸುವ ಇನ್ನೊಂದು ಮಾತಿದೆ. ಕೊನೆಯ ಪಂದ್ಯದಲ್ಲಿ ರಾಕ್‌ನನ್ನು ಸೋಲಿಸಿ ಚಾಂಪಿಯನ್ ಆದ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ತನ್ನ ಪರಮ ವೈರಿಯೂ ಸಂಸ್ಥೆಯ ಮಾಲೀಕನೂ ಆದ ವಿನ್ಸ್ ಮೆಕ್‌ಮಹನ್‌ನ ಕೈ ಕುಲುಕಿದ್ದು ದೊಡ್ಡ ಪ್ರಮಾದ, ಅದೇ ಆ ಸುವರ್ಣ ಕಾಲದ ಕೊನೆ ಎಂಬುದು ಆ ಮಾತು. ನಾನು ಒಪ್ಪದಿರುವುದು ಇದನ್ನು. ಕಥೆ ಸರಿಯಾಗಿತ್ತು, ಊರು ತಪ್ಪಾಗಿತ್ತು ಎಂಬುದು ನನ್ನ ವಾದ.

ಮುಂದುವರಿಯುವ ಮುನ್ನ ಒಂದು ಸಣ್ಣ ಸೂಚನೆ: ಪಾತ್ರದ ಬಗ್ಗೆ ಬರೆಯುವಾಗ ಏಕವಚನ ಬಳಸುತ್ತೇನೆ, ಆ ಪಾತ್ರವನ್ನು ಆಡಿದ ಮನುಷ್ಯರ ಬಗ್ಗೆ ಬರೆಯುವಾಗ ಬಹುವಚನ. ಎರಡೂ ಬೆರೆತು ಹೋದರೆ ಕ್ಷಮಿಸಿ, ಆ ಬೆರಕೆಯೇ ಈ ಆಟದ ಬಂಡವಾಳ.

ಆಸ್ಟಿನ್‌ನ ಸ್ಥಿತಿಯನ್ನು ಹಿಂದಿನಿಂದ ನೋಡಿಕೊಂಡು ಬನ್ನಿ. 1997ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಓವನ್ ಹಾರ್ಟ್ ಅವರ ಪೈಲ್‌ಡ್ರೈವರ್ (ತಲೆಕೆಳಗು ಮಾಡಿ ಕುಕ್ಕುವ ಪಟ್ಟು) ತಪ್ಪಿ ಬಿದ್ದು ಆಸ್ಟಿನ್ ಅವರ ಕುತ್ತಿಗೆಗೆ ನಿಜವಾಗಿಯೂ ಪೆಟ್ಟಾಯಿತು. 1999ರ ನವೆಂಬರಿನಲ್ಲಿ ಸರ್ವೈವರ್ ಸೀರೀಸ್‌ನ ರಾತ್ರಿ ಕಾರು ಗುದ್ದಿದ ಕಥೆ ಕಟ್ಟಿ ಅವರನ್ನು ಪರದೆಯಿಂದ ಆಚೆ ಕಳುಹಿಸಿದ್ದು ಕುತ್ತಿಗೆಯ ಶಸ್ತ್ರಚಿಕಿತ್ಸೆಗಾಗಿ. ಮರಳಿ ಬರುವಷ್ಟರಲ್ಲಿ ರಾಕ್ ಮನೆಯ ಯಜಮಾನನಾಗಿದ್ದ. 2001ರ ಜನವರಿಯಲ್ಲಿ ಆಸ್ಟಿನ್, ರೆಸಲ್‌ಮೇನಿಯಾದಲ್ಲಿ ಪಟ್ಟಕ್ಕೆ ಸೆಣಸುವ ಹಕ್ಕು ಕೊಡುವ ರಾಯಲ್ ರಂಬಲ್ ಪಂದ್ಯವನ್ನು ಮೂರನೆಯ ಬಾರಿ ಗೆದ್ದ, ನಿಜ. ಆದರೆ ಫೆಬ್ರವರಿಯ ನೋ ವೇ ಔಟ್‌ನಲ್ಲಿ ಮೂರು ಸುತ್ತಿನ ಪಂದ್ಯದಲ್ಲಿ ಟ್ರಿಪಲ್ ಎಚ್‌ಗೆ ಸೋತ. ಅದೇ ರಾತ್ರಿ ರಾಕ್, ಕರ್ಟ್ ಆಂಗಲ್‌ನನ್ನು ಸೋಲಿಸಿ ಚಾಂಪಿಯನ್ ಪಟ್ಟ ತೆಗೆದುಕೊಂಡ. ಇದರ ಮೇಲೆ ವಿನ್ಸ್, ಆಸ್ಟಿನ್‌ನ ಹೆಂಡತಿ ಡೆಬ್ರಾಳನ್ನೇ ರಾಕ್‌ನ ಮ್ಯಾನೇಜರ್ ಆಗಿ ನೇಮಿಸಿದ. ಪಂದ್ಯಕ್ಕೆ ಕೆಲವೇ ದಿನಗಳ ಮುಂಚೆ ವೀಕ್ಷಕ ವಿವರಣೆಕಾರ ಜಿಮ್ ರಾಸ್ ಎದುರು ಇಬ್ಬರನ್ನೂ ಕೂರಿಸಿ ಮಾಡಿದ ಸಂದರ್ಶನದಲ್ಲಿ ಆಸ್ಟಿನ್ ಬೈಯುವುದಿಲ್ಲ, ಅಬ್ಬರಿಸುವುದಿಲ್ಲ. ಈ ಗೆಲುವು ತನಗೆ ಎಷ್ಟು ಬೇಕಾಗಿದೆ ಎಂಬುದು ನಿನ್ನ ಊಹೆಗೂ ನಿಲುಕದು ಎಂಬ ಅರ್ಥದ ಮಾತನ್ನು ತಣ್ಣಗೆ ಹೇಳುತ್ತಾನೆ. ಆ ದನಿಯನ್ನು ಮತ್ತೊಮ್ಮೆ ಕೇಳಿ. ಅದು ನಾಯಕನ ದನಿಯಲ್ಲ, ಸಾಲಗಾರನ ದನಿ.

ಪಂದ್ಯದೊಳಗೂ ಸುಳಿವುಗಳಿವೆ. ಆರಂಭಕ್ಕೆ ಮುಂಚೆಯೇ ಇದು ಅನರ್ಹತೆಯಿಲ್ಲದ ಪಂದ್ಯ ಎಂದು ಹೊವರ್ಡ್ ಫಿಂಕೆಲ್ ಘೋಷಿಸುತ್ತಾರೆ. ಯಾರು ಕೇಳಿದರು, ಯಾರು ಕೊಟ್ಟರು ಎಂಬುದಕ್ಕೆ ಉತ್ತರವಿಲ್ಲ. ರಾಕ್, ರಕ್ತ ಸೋರುತ್ತಿದ್ದ ಆಸ್ಟಿನ್‌ಗೆ ಶಾರ್ಪ್‌ಶೂಟರ್ ಎಂಬ ಕಾಲು ತಿರುಚುವ ಪಟ್ಟು ಹಾಕುತ್ತಾನೆ. 1997ರ ರೆಸಲ್‌ಮೇನಿಯಾ 13ರಲ್ಲಿ ಇದೇ ಪಟ್ಟಿನಲ್ಲಿ, ಇದೇ ರೀತಿ ರಕ್ತ ಸುರಿಸುತ್ತ, ಸೋಲೊಪ್ಪದೆ ಮೂರ್ಛೆ ಹೋಗಿ ಆಸ್ಟಿನ್ ಜನರ ಮನಸ್ಸು ಗೆದ್ದಿದ್ದ. ಈ ಸಲ ಅವನು ಹಗ್ಗ ಹಿಡಿದು ಪಾರಾಗುತ್ತಾನೆ. ನಂತರ ಎಂದೋ ಬಿಟ್ಟುಬಿಟ್ಟಿದ್ದ ಮಿಲಿಯನ್ ಡಾಲರ್ ಡ್ರೀಮ್ ಎಂಬ ಹಳೆಯ ಪಟ್ಟನ್ನು ಹುಡುಕಿ ತೆಗೆಯುತ್ತಾನೆ. ಸ್ವಂತ ಆಯುಧಗಳೆಲ್ಲ ಮುಗಿದ ಮನುಷ್ಯ ಅಟ್ಟದ ಮೇಲಿನ ಪೆಟ್ಟಿಗೆಯನ್ನು ತಡಕಾಡಿದಂತೆ ಕಾಣುತ್ತದೆ. ಅದೂ ಸಾಲದಾದಾಗ ವಿನ್ಸ್ ನಡೆದು ಬರುತ್ತಾನೆ.

ಗರಡಿಮಣ್ಣು:

ನಿಮ್ಮ ಬರಹ ಸೊಗಸಾಗಿದೆ, ಆದರೆ ತೀರ್ಮಾನವನ್ನು ಒಪ್ಪಲಾರೆ. ನಾನು ಮೈಸೂರಿನವನು, ದಸರೆಯ ಹೊತ್ತಿಗೆ ನಾಡಕುಸ್ತಿ ನೋಡಿ ಬೆಳೆದವನು. ನಮ್ಮಲ್ಲಿ ಜೋಡಿ ಕಟ್ಟುವಾಗ ಉಸ್ತಾದರು ತೂಕ ನೋಡುತ್ತಾರೆ, ವಯಸ್ಸು ನೋಡುತ್ತಾರೆ, ಸೋತವನ ಮರುದಿನದ ಮುಖವನ್ನೂ ನೋಡುತ್ತಾರೆ. ಡಬ್ಲ್ಯೂಡಬ್ಲ್ಯೂಎಫ್‌ನ ಫಲಿತಾಂಶ ಮೊದಲೇ ಬರೆದಿಟ್ಟದ್ದು ಎಂಬುದು ನನಗೆ ಗೊತ್ತು, ಅದರ ಬಗ್ಗೆ ಮೂಗು ಮುರಿಯುವವನಲ್ಲ. ಬರೆದಿಟ್ಟದ್ದೇ ಆದರೆ ಹೊಣೆ ಇನ್ನೂ ಹೆಚ್ಚು. 1997ರ ಸೆಪ್ಟೆಂಬರಿನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವಿನ್ಸ್‌ಗೆ ಆಸ್ಟಿನ್‌ನ ಹೆಸರಾಂತ ಪಟ್ಟು ಸ್ಟನ್ನರ್ ಮೊದಲ ಸಲ ಬಿದ್ದ ದಿನದಿಂದ ಮೂರೂವರೆ ವರ್ಷ ಆಸ್ಟಿನ್ ಎಂದರೆ ಮಾಲೀಕನಿಗೆ ತಲೆಬಾಗದವನು ಎಂದು ಜನರಿಗೆ ಕಲಿಸಿದಿರಿ. ಅವನೇ ಮಾಲೀಕನ ಕೈಯಿಂದ ಕುರ್ಚಿ ಇಸಿದುಕೊಂಡು ಎದುರಾಳಿಯನ್ನು ಬಡಿಯುತ್ತಾನೆ ಎಂದರೆ ಅದು ಪಾತ್ರದ ತಿರುವಲ್ಲ, ಪಾತ್ರದ ಹತ್ಯೆ.

ಇನ್ನು ನನ್ನ ಮಟ್ಟಿಗೆ ಆ ರಾತ್ರಿಯ ಕುಸ್ತಿ ಎಂದರೆ ಕರ್ಟ್ ಆಂಗಲ್ ಮತ್ತು ಕ್ರಿಸ್ ಬೆನ್ವಾ ಅವರದ್ದೇ. ಆಂಗಲ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಚಿನ್ನದ ಪದಕ ವಿಜೇತರು. ಪಂದ್ಯದ ಮೊದಲ ಕೆಲವು ನಿಮಿಷ ಇಬ್ಬರೂ ಒಂದು ಗುದ್ದನ್ನೂ ಹೊಡೆಯದೆ ಚಾಪೆಯ ಮೇಲೆ ಕಾಲು, ಸೊಂಟ, ಮಣಿಕಟ್ಟುಗಳಿಗಾಗಿ ಹೋರಾಡುತ್ತಾರೆ. ಕೆಳಗೆ ಬಿದ್ದವನು ಹೊಟ್ಟೆಯಡಿಗೆ ಕೈ ಸೇರಿಸಿ ಮಗುಚದಂತೆ ನೆಲ ಕಚ್ಚುವುದನ್ನು ನೋಡಿದರೆ ನಮ್ಮ ಗರಡಿಯ ಯಾವ ಹುಡುಗನೂ ತಲೆದೂಗುತ್ತಾನೆ. ಆ ಆಟದಲ್ಲಿ ತನ್ನ ಕೈ ಮೇಲಾಗುತ್ತಿಲ್ಲ ಎಂದು ತಿಳಿದಾಗ ಒಲಿಂಪಿಕ್ ವೀರನೇ ಮೊದಲು ಗುದ್ದಾಟಕ್ಕೆ ಇಳಿಯುತ್ತಾನೆ. ರೆಫರಿ ಬಿದ್ದಿದ್ದಾಗ ಬೆನ್ವಾನ ಕ್ರಾಸ್‌ಫೇಸ್ ಪಟ್ಟಿನಲ್ಲಿ ಸೋಲೊಪ್ಪಿ ಕೈ ಬಡಿದವನೂ ಅವನೇ, ಕೊನೆಗೆ ಚಡ್ಡಿ ಹಿಡಿದೆಳೆದು ಗೆದ್ದವನೂ ಅವನೇ. ಅಹಂಕಾರಿಯ ಒಡೆಯುವಿಕೆಯನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಪಂದ್ಯ ಆ ರಾತ್ರಿ ಬೇರೊಂದಿರಲಿಲ್ಲ. 2007ರಲ್ಲಿ ಬೆನ್ವಾ ಹೆಂಡತಿ-ಮಗನನ್ನು ಕೊಂದು ತಾವೂ ಪ್ರಾಣ ಕಳೆದುಕೊಂಡ ಘೋರದ ನಂತರ ಇದನ್ನು ಹಗುರ ಮನಸ್ಸಿನಿಂದ ನೋಡಲಾಗುವುದಿಲ್ಲ ಎಂಬುದನ್ನೂ ಹೇಳಬೇಕು. ನೋಡುವಾಗ ನನ್ನ ಕಣ್ಣು ಈಗ ಆಂಗಲ್ ಮೇಲೆಯೇ ಇರುತ್ತದೆ.

ಚೆಂಡೆಯ ಪೆಟ್ಟು:

ಗರಡಿಮಣ್ಣು ಅವರ ಆಕ್ಷೇಪಕ್ಕೆ ಕರಾವಳಿಯವನಾಗಿ ಒಂದು ಮಾತು. ಯಕ್ಷಗಾನದಲ್ಲಿ ಒಳ್ಳೆಯ ಕಲಾವಿದರು ರಾಮನ ವೇಷವನ್ನೂ ಮಾಡುತ್ತಾರೆ, ಮರುವಾರ ರಾವಣನನ್ನೂ ಮಾಡುತ್ತಾರೆ. ಆದರೆ ಬಣ್ಣ ಬದಲಾಗುತ್ತದೆ, ಕಿರೀಟ ಬದಲಾಗುತ್ತದೆ, ರಂಗಕ್ಕೆ ಬರುವ ಕ್ರಮವೇ ಬದಲಾಗುತ್ತದೆ. ಆಸ್ಟಿನ್ ವಿಷಯದಲ್ಲಿ ತಪ್ಪಿದ್ದು ಇಲ್ಲಿ. ಅದೇ ಗಾಜು ಒಡೆಯುವ ಸದ್ದು, ಅದೇ ಕಪ್ಪು ಅಂಗಿ, ಗೆದ್ದ ಮೇಲೆ ಅದೇ ಬಿಯರ್ ಡಬ್ಬಿಗಳು. ರಾಮನ ಕಿರೀಟ ಇಟ್ಟುಕೊಂಡೇ ರಾವಣನ ಅರ್ಥ ಹೇಳಿದರೆ ಸಭೆ ಚಪ್ಪಾಳೆ ತಟ್ಟದೆ ಏನು ಮಾಡೀತು?

ಏಳನೆಯ ಮಹಡಿ:

ನಾನು ಆಗ ಹ್ಯೂಸ್ಟನ್ನಿನಲ್ಲಿ ವಿದ್ಯಾರ್ಥಿಯಾಗಿದ್ದೆ, ಆ ರಾತ್ರಿ ಆಸ್ಟ್ರೋಡೋಮ್‌ನ ಅತಿ ಮೇಲಿನ ಸಾಲುಗಳಲ್ಲೊಂದರಲ್ಲಿ ಕುಳಿತಿದ್ದೆ. ಈ ಹೆಸರನ್ನು ಇಟ್ಟುಕೊಂಡದ್ದೂ ಆ ಎತ್ತರದ ನೆನಪಿಗೇ. ಅಖಾಡ ಅಲ್ಲಿಂದ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು, ಎಲ್ಲವನ್ನೂ ದೊಡ್ಡ ಪರದೆಯಲ್ಲೇ ನೋಡಿದೆವು.

ಊರಿನ ಬಗ್ಗೆ ಹಗ್ಗದಾಚೆ ಅವರು ಹೇಳಿದ್ದನ್ನು ನಾನು ಸಾಕ್ಷಿಯಾಗಿ ದೃಢಪಡಿಸುತ್ತೇನೆ. ಆಸ್ಟಿನ್ ಟೆಕ್ಸಾಸಿನವರು; ಹ್ಯೂಸ್ಟನ್ನಿನಿಂದ ನೈರುತ್ಯಕ್ಕೆ ಕಾರಿನಲ್ಲಿ ಎರಡು ಗಂಟೆಯೂ ಹಿಡಿಯದ ಎಡ್ನಾ ಎಂಬ ಸಣ್ಣ ಊರಿನಲ್ಲಿ ಬೆಳೆದವರು. ರಾಕ್ ಬಂದಾಗ ನನ್ನ ಸುತ್ತಲಿನವರು ಎದ್ದು ನಿಂತು ಧಿಕ್ಕಾರ ಕೂಗಿದರು. ಕಥೆಯ ಪ್ರಕಾರ ರಾಕ್ ಸಜ್ಜನ, ಯಾವ ತಪ್ಪನ್ನೂ ಮಾಡದವನು, ಆದರೂ ಅವನು ಪರವೂರಿನವನು. ಇಪ್ಪತ್ತೆಂಟು ನಿಮಿಷ ಹೀಗೆಯೇ ನಡೆಯಿತು. ಎಲ್ಲರೂ ಮರೆಯುವ ಇನ್ನೊಂದು ಸಂಗತಿಯೆಂದರೆ, ಅದಕ್ಕೆ ಮುಂಚಿನ ಪಂದ್ಯದಲ್ಲಿ ಟ್ರಿಪಲ್ ಎಚ್‌ನನ್ನು ಸೋಲಿಸಿದ ಅಂಡರ್‌ಟೇಕರ್ ಹುಟ್ಟಿದ್ದೇ ಹ್ಯೂಸ್ಟನ್ನಿನಲ್ಲಿ. ರೆಫರಿ ಬಿದ್ದು ಬಹಳ ಹೊತ್ತಾದರೂ ಏಳಲಿಲ್ಲ, ಇಬ್ಬರೂ ಜನರ ನಡುವೆ ಹಾದು ತಾಂತ್ರಿಕ ಸಿಬ್ಬಂದಿಯ ಗೋಪುರ ಹತ್ತಿದರು, ಅಲ್ಲಿಂದ ಅಂಡರ್‌ಟೇಕರ್ ಟ್ರಿಪಲ್ ಎಚ್‌ನನ್ನು ಎತ್ತಿ ಕೆಳಗೆ ಎಸೆದ. ಅದು ಮುಗಿದು ಅವನ ರೆಸಲ್‌ಮೇನಿಯಾದ ಒಂಬತ್ತನೆಯ ಸೋಲಿಲ್ಲದ ಗೆಲುವು ಬಂದಾಗ ಸಭೆ ಊರ ಮಗನ ಜಯದಲ್ಲಿ ಆಗಲೇ ತೇಲುತ್ತಿತ್ತು. ಅದರ ಮೇಲೆಯೇ ಮತ್ತೊಬ್ಬ ಊರ ಮಗನನ್ನು ದುಷ್ಟನನ್ನಾಗಿ ಮಾಡಲು ಹೊರಟರು.

ಬೆಳಗಾವಿಯ ಓದುಗಿ:

ಎಲ್ಲರೂ ಕೊನೆಯ ಪಂದ್ಯದ ಸುತ್ತಲೇ ಗಿರಕಿ ಹೊಡೆಯುತ್ತಿದ್ದೀರಿ. ವಿನ್ಸ್ ಮತ್ತು ಶೇನ್ ಮೆಕ್‌ಮಹನ್ ಎಂಬ ತಂದೆ-ಮಗನ ಬೀದಿಕಾಳಗವನ್ನು ಬಿಟ್ಟರೆ ಆ ರಾತ್ರಿಯ ಅರ್ಧ ಅರ್ಥವೇ ಬಿಟ್ಟುಹೋಗುತ್ತದೆ. ಮಾರ್ಚ್ ತಿಂಗಳಲ್ಲಿ ಡಬ್ಲ್ಯೂಡಬ್ಲ್ಯೂಎಫ್ ತನ್ನ ಬಹುಕಾಲದ ಪ್ರತಿಸ್ಪರ್ಧಿ ಡಬ್ಲ್ಯೂಸಿಡಬ್ಲ್ಯೂ ಸಂಸ್ಥೆಯನ್ನು ನಿಜವಾಗಿಯೂ ಕೊಂಡುಕೊಂಡಿತ್ತು. ಮಾರ್ಚ್ 26ರ ರಾತ್ರಿ ಡಬ್ಲ್ಯೂಸಿಡಬ್ಲ್ಯೂನ ನೈಟ್ರೋ ಎಂಬ ಟಿವಿ ಕಾರ್ಯಕ್ರಮದ ಕೊನೆಯ ಸಂಚಿಕೆಯಲ್ಲಿ ಶೇನ್ ಪ್ರತ್ಯಕ್ಷನಾಗಿ, ಕೊಂಡವರು ಅಪ್ಪನಲ್ಲ, ನಾನು ಎಂದು ಘೋಷಿಸಿದ. ಅಂದರೆ ನಿಜವಾದ ವ್ಯಾಪಾರದ ಕಾಗದಪತ್ರವನ್ನೇ ಕಥೆಯ ಜಗಳಕ್ಕೆ ಸೌದೆಯಾಗಿ ಹಾಕಿದರು. ಆಸ್ಟ್ರೋಡೋಮ್‌ನ ಒಂದು ವಿಶೇಷ ಕೋಣೆಯಲ್ಲಿ ಡಬ್ಲ್ಯೂಸಿಡಬ್ಲ್ಯೂ ಕುಸ್ತಿಪಟುಗಳು ಕುಳಿತು ಹೊಸ ಮಾಲೀಕನ ಪಂದ್ಯ ನೋಡುತ್ತಿರುವುದನ್ನು ಕ್ಯಾಮೆರಾ ತೋರಿಸುತ್ತದೆ. ಮುಂದಿನ ತಿಂಗಳ ಸಂಬಳದ ಚಿಂತೆ ಆ ಮುಖಗಳಲ್ಲಿ ಕಂಡಿತೆಂದರೆ ಅದು ನನ್ನ ಕಲ್ಪನೆಯೂ ಇರಬಹುದು.

ಇನ್ನು ಮನೆಯೊಳಗಿನ ಕಥೆ. ವಿನ್ಸ್ ಹೆಂಡತಿ ಲಿಂಡಾಳಿಗೆ ವಿಚ್ಛೇದನ ಕೇಳಿ, ಅವಳು ಮಾನಸಿಕವಾಗಿ ಕುಸಿದ ಮೇಲೆ ಮಂಪರಿನ ಔಷಧ ಕೊಡಿಸಿ ಗಾಲಿಕುರ್ಚಿಯಲ್ಲಿ ಕೂರಿಸಿ, ಅವಳೆದುರೇ ಟ್ರಿಷ್ ಸ್ಟ್ರಾಟಸ್ ಜೊತೆ ಮೆರೆಯುತ್ತಾನೆ. ಮಾರ್ಚ್‌ನ ಒಂದು ಸಂಚಿಕೆಯಲ್ಲಿ ಟ್ರಿಷ್‌ಳನ್ನು ಅಖಾಡದ ನಡುವೆ ನಾಲ್ಕು ಕಾಲಿನ ಮೇಲೆ ನಿಲ್ಲಿಸಿ ನಾಯಿಯಂತೆ ಬೊಗಳಿಸಿದ್ದನ್ನು ಇಂದು ಯಾರೂ ಸಮರ್ಥಿಸಲಾರರು, ಅಂದೂ ಸಮರ್ಥಿಸಬಾರದಿತ್ತು. ಅದು ಖಳನನ್ನು ಕಟ್ಟುವ ಕೆಲಸವಾಗಿರಲಿಲ್ಲ. ನೋಡುವವರಲ್ಲಿ ಒಂದು ಬಗೆಯ ಜನರನ್ನು ನಗಿಸುವ ಕೆಲಸವಾಗಿತ್ತು. ಆದರೂ ಹೇಳಬೇಕು: ಟ್ರಿಷ್ ವಿನ್ಸ್‌ನ ಕೆನ್ನೆಗೆ ಬಾರಿಸಿದ ಕ್ಷಣ, ಆಮೇಲೆ ಅಲುಗಾಡದೆ ಕುಳಿತಿದ್ದ ಲಿಂಡಾ ಮೆಲ್ಲನೆ ಎದ್ದು ನಿಂತು ಗಂಡನಿಗೆ ಒದ್ದ ಕ್ಷಣ, ಈ ಎರಡಕ್ಕೂ ಬಂದ ಕೂಗು ಅಷ್ಟು ದೊಡ್ಡದಾಗಿದ್ದುದು ಜನ ವಾರಗಟ್ಟಲೆ ಅದಕ್ಕಾಗಿ ಕಾದಿದ್ದರಿಂದ. ವಿಶೇಷ ರೆಫರಿ ಮಿಕ್ ಫೋಲಿ ವಿನ್ಸ್‌ನನ್ನು ಬಡಿದ, ಶೇನ್ ಮೂಲೆಯ ತುದಿಯಿಂದ ಎದುರು ಮೂಲೆಯವರೆಗೆ ಹಾರಿ ಅಪ್ಪನ ಮುಖದೆದುರಿನ ಕಸದ ಡಬ್ಬಿಗೆ ಎರಡೂ ಕಾಲಿನಿಂದ ಒದ್ದ. ಕುಸ್ತಿಪಟುಗಳೇ ಅಲ್ಲದ ಇಬ್ಬರ ಪಂದ್ಯ ಇದು ಎಂಬುದನ್ನು ನೆನಪಿಡಿ.

ಈಗ ನನ್ನ ಪ್ರಶ್ನೆ. ಹೆಂಡತಿ, ಮಗ, ಪ್ರೇಯಸಿ, ರೆಫರಿ ಎಲ್ಲರಿಂದಲೂ ಪೆಟ್ಟು ತಿಂದು ಮಲಗಿದ ವಿನ್ಸ್ ಅದೇ ರಾತ್ರಿ ಎದ್ದು ಬಂದು ಆಸ್ಟಿನ್‌ಗೆ ನೆರವಾಗುತ್ತಾನೆ. ಮನೆ ಕಳೆದುಕೊಂಡವನು ಹೊಸ ಮಗನನ್ನು ಹುಡುಕಿಕೊಂಡನೇ? ಬರೆದವರು ಹೀಗೆ ಯೋಚಿಸಿದ್ದರೋ ಇಲ್ಲವೋ, ನನಗೆ ಆ ಎರಡು ಪಂದ್ಯಗಳು ಒಂದೇ ಕಥೆಯಂತೆ ಕಾಣುತ್ತವೆ.

ಮೂರನೆಯ ಎಣಿಕೆ:

ಓದುಗಿಯವರ ಕೊನೆಯ ಮಾತು ನನಗೆ ಹೊಸದು, ಇಷ್ಟು ವರ್ಷ ಹೊಳೆದಿರಲಿಲ್ಲ.

ಮೇಜು, ಏಣಿ, ಕುರ್ಚಿಗಳನ್ನು ಬಳಸುವ ಟಿಎಲ್‌ಸಿ ಎಂಬ ಜೋಡಿ ತಂಡಗಳ ಪಂದ್ಯದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಚಿಕ್ಕದಾಗಿ ಬರೆಯುತ್ತೇನೆ. ಎಡ್ಜ್-ಕ್ರಿಶ್ಚಿಯನ್, ಹಾರ್ಡಿ ಸಹೋದರರು, ಡಡ್ಲಿ ಸಹೋದರರು ಹಿಂದಿನ ವರ್ಷದ ರೆಸಲ್‌ಮೇನಿಯಾದಲ್ಲಿ ಏಣಿಗಳೊಂದಿಗೆ, ಆಗಸ್ಟ್‌ನ ಸಮ್ಮರ್‌ಸ್ಲ್ಯಾಮ್‌ನಲ್ಲಿ ಮೇಜು, ಏಣಿ, ಕುರ್ಚಿಗಳೊಂದಿಗೆ ಹೊಡೆದಾಡಿದ್ದರು; ಹ್ಯೂಸ್ಟನ್ನಿನದು ಆ ಸರಣಿಯ ತುದಿ. ಸ್ಪೈಕ್, ಲಿಟಾ, ರೈನೋ ಒಬ್ಬೊಬ್ಬರಾಗಿ ನುಗ್ಗಿ ಬಂದದ್ದರಿಂದ ಮೂರೂ ತಂಡಕ್ಕೆ ಒಬ್ಬೊಬ್ಬ ನೆಂಟರಾದರು. ಪದಕದಂತೆ ತೂಗುತ್ತಿದ್ದ ಬೆಲ್ಟುಗಳನ್ನು ಹಿಡಿದು ಗಾಳಿಯಲ್ಲಿ ಜೋತಾಡುತ್ತಿದ್ದ ಜೆಫ್ ಹಾರ್ಡಿಯ ಮೇಲೆ ಎಡ್ಜ್ ಏಣಿಯ ತುದಿಯಿಂದ ಎಗರಿ ಸ್ಪಿಯರ್ (ಭುಜದಿಂದ ಗುದ್ದಿ ಕೆಡವುವ ಪಟ್ಟು) ಹಾಕಿದ ಚಿತ್ರ ಇಂದಿಗೂ ಎಲ್ಲೆಡೆ ತಿರುಗುತ್ತಿದೆ. ನಾನು ಗಮನಿಸುವುದು ಬೇರೆ. ಇಲ್ಲಿ ಹಗೆತನಕ್ಕೆ ಕಾರಣವೇ ಇಲ್ಲ. ಹೆಂಡತಿಯನ್ನು ಯಾರೂ ಕದ್ದಿಲ್ಲ, ಮನೆ ಯಾರೂ ಒಡೆದಿಲ್ಲ. ಕಳೆದ ಸಲಕ್ಕಿಂತ ಎತ್ತರದಿಂದ ಬೀಳುತ್ತೇವೆ ಎಂಬ ಹಟವೊಂದೇ. ಶಾಲೆಯಲ್ಲಿ ಟ್ರಂಪ್ ಕಾರ್ಡ್ ಹಿಡಿದು ಎತ್ತರ, ತೂಕ, ಗೆದ್ದ ಪಂದ್ಯಗಳ ಸಂಖ್ಯೆಗಾಗಿ ಜಗಳವಾಡಿದ ನಮ್ಮ ಪೀಳಿಗೆಗೆ ಆ ಬಗೆಯ ವೈರ ಬೇಗ ಅರ್ಥವಾಗುತ್ತದೆ.

ಹಳಬರೆಲ್ಲ ಒಟ್ಟಿಗೆ ಕಾದಾಡಿದ ಗಿಮಿಕ್ ಬ್ಯಾಟಲ್ ರಾಯಲ್ ಎಂಬ ಗುಂಪು ಪಂದ್ಯದ ಬಗ್ಗೆ ಒಂದೇ ಸಾಲು: ಜೀನ್ ಓಕರ್ಲಂಡ್ ಮತ್ತು ಬಾಬಿ ಹೀನನ್ ವಿವರಣೆಗಾಗಿ ನೋಡಿ, ಐರನ್ ಶೇಖ್ ಗೆಲುವಿಗಾಗಿ ನಗಿ.

ಹಗ್ಗದಾಚೆ:

ಪಾತ್ರದ ಹತ್ಯೆ ಎಂಬ ಮಾತಿಗೆ ಉತ್ತರಿಸುತ್ತೇನೆ. ಗರಡಿಮಣ್ಣು ಅವರೇ, 1998ರ ಸರ್ವೈವರ್ ಸೀರೀಸ್‌ನಲ್ಲಿ ವಿನ್ಸ್‌ನ ಕೈ ಹಿಡಿದು ಚಾಂಪಿಯನ್ ಆದವನು ರಾಕ್. 1999ರಲ್ಲಿ ಇವರಿಬ್ಬರೂ ರೆಸಲ್‌ಮೇನಿಯಾದಲ್ಲಿ ಮೊದಲ ಬಾರಿ ಎದುರಾದಾಗ ವಿನ್ಸ್ ನಿಂತದ್ದು ರಾಕ್ ಬೆನ್ನಿಗೆ, ಗೆದ್ದವನು ಆಸ್ಟಿನ್. ಎರಡು ವರ್ಷದಲ್ಲಿ ಜಾಗಗಳು ಅದಲುಬದಲಾದವು. ಇಷ್ಟು ನೇರವಾದ ಪ್ರತಿಬಿಂಬ ತಾನಾಗಿ ಬರುವುದಿಲ್ಲ. ರಾಕ್‌ನ ಎಲ್ಬೋ ಎಂಬ ಮೊಣಕೈ ಪೆಟ್ಟು ಬಿದ್ದು, ಅವನು ಆಸ್ಟಿನ್‌ನ ಭುಜಗಳನ್ನು ನೆಲಕ್ಕೊತ್ತಿ ಪಿನ್ ಹಾಕಿದಾಗ ವಿನ್ಸ್ ಅವನ ಕಾಲೆಳೆಯುತ್ತಾನೆ. ಕುರ್ಚಿಯ ಏಟಿನ ನಂತರವೂ ರಾಕ್ ಭುಜ ಎತ್ತುತ್ತಾನೆ, ಸ್ಟನ್ನರ್ ಬಿದ್ದ ಮೇಲೂ ಎತ್ತುತ್ತಾನೆ. ಆಸ್ಟಿನ್‌ನ ಮುಖ ನೋಡಿ: ಸ್ಟನ್ನರ್ ಸಾಲದಾಯಿತು ಎಂದು ತಿಳಿದ ಗಳಿಗೆಯಲ್ಲಿ ಅವನಿಗೆ ಸಿಟ್ಟಿಗಿಂತ ಭಯ ಹೆಚ್ಚು. ಆಮೇಲೆ ಕುರ್ಚಿಯಿಂದ ಬಡಿಯುತ್ತ ಹೋಗುತ್ತಾನೆ, ಎಣಿಕೆ ತಪ್ಪುವಷ್ಟು. ಎದುರಾಳಿಯನ್ನು ಮೀರಿಸಲಾಗದೆ ಬಡಿದು ಮುಗಿಸಿದ ಮನುಷ್ಯನ ಚಿತ್ರ ಅದು. ಕೆಟ್ಟ ಬರವಣಿಗೆಯಲ್ಲಿ ಇಷ್ಟು ಸಿದ್ಧತೆ ಇರುವುದಿಲ್ಲ.

ಆದರೆ ಚೆಂಡೆಯ ಪೆಟ್ಟು ಅವರ ಕಿರೀಟದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಒಪ್ಪುತ್ತೇನೆ.

ಗರಡಿಮಣ್ಣು:

ಪ್ರತಿಬಿಂಬದ ಮಾತು ಚೆನ್ನಾಗಿದೆ, ಅದನ್ನು ಗಮನಿಸಿರಲಿಲ್ಲ. ಆದರೂ ಆಸ್ಟಿನ್ ಅವರೇ ನಂತರದ ವರ್ಷಗಳ ಸಂದರ್ಶನಗಳಲ್ಲಿ, ಆ ನಿರ್ಧಾರ ತಪ್ಪಾಗಿತ್ತು, ಮತ್ತೆ ಅವಕಾಶ ಸಿಕ್ಕಿದ್ದರೆ ಕೊನೆಗೆ ವಿನ್ಸ್‌ಗೂ ಒಂದು ಸ್ಟನ್ನರ್ ಕೊಟ್ಟು ಹಿಂದಿನಂತೆಯೇ ಉಳಿಯುತ್ತಿದ್ದೆ ಎಂಬ ಅರ್ಥದಲ್ಲಿ ಹೇಳಿಕೊಂಡಿದ್ದಾರೆ. ಆಡಿದವರೇ ಹೀಗೆ ಹೇಳಿದ ಮೇಲೆ ನಾವು ಸಮರ್ಥಿಸುವುದು ಹೇಗೆ? ಮುಂದೇನಾಯಿತು ಎಂಬುದನ್ನೂ ನೋಡಿ. ಮರುದಿನ ರಾ ಎಂಬ ವಾರದ ಟಿವಿ ಕಾರ್ಯಕ್ರಮದ ಸಂಚಿಕೆಯೂ ಟೆಕ್ಸಾಸಿನಲ್ಲೇ. ಅಲ್ಲಿ ಪಂಜರದ ಪಂದ್ಯದಲ್ಲಿ ಟ್ರಿಪಲ್ ಎಚ್ ಸುತ್ತಿಗೆ ಹಿಡಿದು ಬಂದು ರಾಕ್‌ನನ್ನೇ ಕೆಡವಿದ; ಅವನೂ ಆಸ್ಟಿನ್ ಜೊತೆ ಸೇರಿದ. ರಾಕ್ ಸಿನಿಮಾ ಚಿತ್ರೀಕರಣಕ್ಕೆ ಹೊರಟುಹೋದದ್ದರಿಂದ ಸೇಡಿನ ಕಥೆಗೆ ಎದುರಾಳಿಯೇ ಇಲ್ಲವಾದ. ಮೇ ತಿಂಗಳಲ್ಲಿ ಟ್ರಿಪಲ್ ಎಚ್ ಅವರ ತೊಡೆಯ ಸ್ನಾಯು ಹರಿಯಿತು, ಆ ಜೋಡಿಯೂ ಮುಗಿಯಿತು. ಬಿತ್ತಿದ ಮೇಲೆ ನೀರೇ ಇಲ್ಲದ ಹೊಲವಾಯಿತು.

ಹಗ್ಗದಾಚೆ:

ಬಿತ್ತಿದ್ದು ತಪ್ಪಲ್ಲ, ಮಳೆ ಬರಲಿಲ್ಲ ಎಂದು ನೀವೇ ಹೇಳಿದಂತಾಯಿತಲ್ಲವೇ!

ಗರಡಿಮಣ್ಣು:

ಮಳೆ ನೋಡಿ ಬಿತ್ತಬೇಕು ಸ್ವಾಮಿ. ರಾಕ್ ಹೊರಡುವುದು ಅವರಿಗೆ ಮೊದಲೇ ಗೊತ್ತಿತ್ತು.

ಏಳನೆಯ ಮಹಡಿ:

ಈ ವಾದದ ನಡುವೆ ಒಂದು ಸಂಗತಿ ಸೇರಿಸುತ್ತೇನೆ. ನೀವೆಲ್ಲ ಟಿವಿಯಲ್ಲೋ ಡಿವಿಡಿಯಲ್ಲೋ ನೋಡಿದವರು, ನಿಮ್ಮ ಕಿವಿಯಲ್ಲಿ ಜಿಮ್ ರಾಸ್ ಅವರ ದನಿ ಇತ್ತು. ಆಸ್ಟಿನ್ ವಿನ್ಸ್‌ನ ಕೈ ಕುಲುಕಿದಾಗ ಅವರ ಗಂಟಲು ಕಟ್ಟುತ್ತದೆ, ಸೈತಾನನೊಂದಿಗೆ ಕೈ ಕುಲುಕಿದಂತೆ ಎಂದು ಅವರು ಗೋಳಾಡುತ್ತಾರೆ. ಪಕ್ಕದಲ್ಲಿ ಜೆರ್ರಿ ಲಾಲರ್ ಇರಲಿಲ್ಲ. ಅವರು ಆಗಷ್ಟೇ ಸಂಸ್ಥೆ ಬಿಟ್ಟಿದ್ದರಿಂದ ಆ ಕುರ್ಚಿಯಲ್ಲಿ ಪಾಲ್ ಹೇಮನ್ ಕುಳಿತಿದ್ದರು. ನಾನು ಇದನ್ನೆಲ್ಲ ಕೇಳಿದ್ದು ತಿಂಗಳುಗಳ ನಂತರ, ಗೆಳೆಯನ ಮನೆಯಲ್ಲಿ ಟೇಪ್ ಹಾಕಿದಾಗ.

ಕ್ರೀಡಾಂಗಣದಲ್ಲಿ ವೀಕ್ಷಕ ವಿವರಣೆ ಕೇಳಿಸುವುದಿಲ್ಲ. ನಮಗೆ ಕಂಡದ್ದು ಇಷ್ಟೇ: ನಮ್ಮವನು ಗೆದ್ದ, ಪಟ್ಟ ಬಂತು, ಬಿಯರ್ ಹಾರಿತು. ವಿನ್ಸ್ ಬಂದದ್ದು ವಿಚಿತ್ರ ಅನ್ನಿಸಿತು, ಇನ್ನೇನು ಅವನಿಗೂ ಸ್ಟನ್ನರ್ ಬೀಳುತ್ತದೆ ಎಂದು ಎಲ್ಲರೂ ನಿಂತೇ ಕಾದೆವು. ಬೀಳಲಿಲ್ಲ. ಆಸ್ಟಿನ್ ಬೆಲ್ಟಿನಿಂದ ರಾಕ್‌ನಿಗೆ ಇನ್ನೊಂದು ಏಟು ಕೊಟ್ಟಾಗಲೂ ನನ್ನ ಸಾಲಿನವರು ಕೂಗುತ್ತಲೇ ಇದ್ದರು. ಟೇಪಿನಲ್ಲಿ ರಾಸ್ ಅವರ ದನಿ ಕೇಳಿದ ಮೇಲೆಯೇ ನಾನು ನೋಡಿದ್ದು ದುರಂತ ಎಂದು ನನಗೆ ತಿಳಿದದ್ದು.

ಚೆಂಡೆಯ ಪೆಟ್ಟು:

ಹಾಗಾದರೆ ಭಾಗವತರ ಪದ್ಯ ಸಭೆಗೇ ಕೇಳಿಸಲಿಲ್ಲ!

ಹಗ್ಗದಾಚೆ:

ಏಳನೆಯ ಮಹಡಿಯವರೇ, ನಿಮ್ಮ ಮಾತು ಓದಿ ಕೊನೆಯ ಹತ್ತು ನಿಮಿಷವನ್ನು ಧ್ವನಿ ಪೂರ್ತಿ ಕಡಿಮೆ ಮಾಡಿ ಈಗಷ್ಟೇ ನೋಡಿದೆ. ರಾಸ್ ಇಲ್ಲದೆ ಅದು ಬೇರೆಯೇ ಪಂದ್ಯ. ಕಾಲೆಳೆಯುವ ವಿನ್ಸ್, ಕುರ್ಚಿ, ಮತ್ತೆ ಮತ್ತೆ ಕುರ್ಚಿ, ಕೊನೆಗೆ ಎರಡು ಡಬ್ಬಿಗಳು ತಾಗುವುದು. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಕುಣಿಯುತ್ತಿದ್ದಾನೆ.